ಮರಗಪ್ಪೆಯ ತವರುಮನೆ

ಬ್ಯಾಡಗಿಯಿಂದ ಕದರಮಂಡಲಗಿಗೆ ಹೋಗುವ ದಾರಿಯಲ್ಲಿ, ಆಂಜನೇಯನ ಗುಡಿ ಕಾಣುವುದಕ್ಕೂ ಮೊದಲೇ ಎಡಕ್ಕೆ ಹೊರಳಿದರೆ ಒಂದು ಸಣ್ಣ ಊರು ಸಿಗುತ್ತದೆ. ಆ ಊರಿನ ನೀಲಗಂಗವ್ವನಿಗೆ ಮಕ್ಕಳಿಲ್ಲ. ಆದರೆ ಆಕೆ ಹೆಣ್ಣು ಕೊಟ್ಟಷ್ಟು ಆ ಸೀಮೆಯಲ್ಲಿ ಮತ್ತೊಬ್ಬರು ಕೊಟ್ಟಿಲ್ಲ. ಕೊಟ್ಟದ್ದೆಲ್ಲ ಒಂದೇ ಓಣಿಗೆ, ಒಬ್ಬಳೇ ಬೀಗತಿಗೆ. ಒಂದು ಹೆಣ್ಣೂ ಅತ್ತೆಯ ಮನೆಯಲ್ಲಿ ಒಂದು ರಾತ್ರಿಗಿಂತ ಹೆಚ್ಚು ಬಾಳಲಿಲ್ಲ. ಆದರೂ ನೀಲಗಂಗವ್ವನ ಮೇಲೆ ಯಾರೂ ದೂರು ತಂದಿಲ್ಲ, ಯಾಕೆಂದರೆ ಆಕೆ ಕೊಟ್ಟ ಹೆಣ್ಣುಗಳೆಲ್ಲ ಕಪ್ಪೆಗಳು.

ಮಿರಗದ ಮಳೆ, ಅಂದರೆ ಮುಂಗಾರಿನ ಮೃಗಶಿರಾ ಮಳೆ, ಕೈಕೊಟ್ಟ ವರ್ಷ ಆ ಊರಲ್ಲಿ ಕಪ್ಪೆಯ ಮದುವೆ ಮಾಡುತ್ತಾರೆ. ಸುತ್ತಮುತ್ತ ಬೇರೆ ಊರುಗಳಲ್ಲೂ ಮಾಡುತ್ತಾರೆ, ಆದರೆ ಅಲ್ಲಿ ಯಾವುದೋ ಕೆರೆಯಿಂದ ಯಾವುದೋ ಎರಡು ಕಪ್ಪೆ ಹಿಡಿದು ತಂದು, ಅರಿಶಿನ ಚೆಲ್ಲಿ, ಚಹಾ ಕುಡಿದು ಮನೆಗೆ ಹೋಗುತ್ತಾರೆ. ಈ ಊರಲ್ಲಿ ಹಾಗಲ್ಲ. ಇಲ್ಲಿ ಹೆಣ್ಣು ಮೇಲಿನ ಓಣಿಯದಾಗಬೇಕು, ಗಂಡು ಕೆಳಗಿನ ಓಣಿಯದಾಗಬೇಕು, ಎರಡೂ ಮರಗಪ್ಪೆಯೇ ಆಗಬೇಕು. ಹಿರಿಯರ ಕಾಲದಿಂದ ಬಂದದ್ದು. ಹೊಂಡದ ಕಪ್ಪೆ ನೀರಲ್ಲೇ ಇರುವಂಥದ್ದು, ಅದಕ್ಕೆ ಮಳೆಯ ದರಕಾರವೇನು, ಒಣ ಮರದ ಪೊಟರೆಯಲ್ಲಿ ಬಾಯಾರಿ ಕೂತದ್ದು ಕೂಗಿದರೆ ಮಾತ್ರ ಮೇಲಿನವನಿಗೆ ಕೇಳುತ್ತದೆ ಎಂಬುದು ಅವರ ಲೆಕ್ಕ. ಆ ಲೆಕ್ಕ ಸರಿಯೋ ತಪ್ಪೋ, ಅದನ್ನು ಆ ಊರಿನವರ ಎದುರು ಎತ್ತದಿರುವುದೇ ಒಳ್ಳೆಯದು.

ಮೇಲಿನ ಓಣಿಯಿಂದ ಹೆಣ್ಣಿನ ತಾಯಿಯಾಗಿ ಕೂಡುತ್ತಿದ್ದವಳು ನೀಲಗಂಗವ್ವ. ಕೆಳಗಿನ ಓಣಿಯಿಂದ ಗಂಡಿನ ತಾಯಿಯಾಗಿ ಬರುತ್ತಿದ್ದವಳು ಉಚ್ಚಂಗೆವ್ವ. ಮರಗಪ್ಪೆಗಳಲ್ಲಿ ಹೆಣ್ಣು ಅಂಗೈ ತುಂಬುವಷ್ಟು ದೊಡ್ಡದು, ಗಂಡು ಅದರ ಅರ್ಧವೂ ಇಲ್ಲ. ಬೀಗರ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕೆ? ಹಂದರದಲ್ಲಿ ಗಂಡನ್ನು ಕಂಡ ಕೂಡಲೆ ನೀಲಗಂಗವ್ವ, “ಇದೇನ್ ಬೀಗತಿ, ಹುಡುಗನ್ನ ತಂದೀಯೋ, ಹುಡುಗನ ಕಿರಿಬೆರಳ ತಂದೀಯೋ?” ಎಂದು ಶುರು ಮಾಡುವಳು. ಉಚ್ಚಂಗೆವ್ವ ಸೊಂಟಕ್ಕೆ ಕೈಯಿಟ್ಟು, “ನಿನ್ನ ಮಗಳ ಹೊಟ್ಟಿ ನೋಡ ಮದಲ. ಮೇಲಿನ ಓಣ್ಯಾಗಿನ ಜ್ವಾಳ ಎಲ್ಲಾ ಈಕೀನ ತಿಂದಂಗ ಕಾಣತೈತಿ,” ಎನ್ನುವಳು. ಊರಿಗೆ ಊರೇ ಬಿದ್ದು ಬಿದ್ದು ನಗುತ್ತಿತ್ತು. ಖರೇ ಮದುವೆಗಳಲ್ಲಿ ನಡೆಯುವ ಜಗಳಗಳನ್ನೆಲ್ಲ ಈ ಇಬ್ಬರೂ ತೊಳೆದು, ಒಣಗಿಸಿ, ನಗುವುದಕ್ಕೆಂದೇ ಎತ್ತಿಟ್ಟುಕೊಂಡಿದ್ದರು.

ಕಪ್ಪೆಯನ್ನು ಹುಡುಕಿ ತರುವ ಕೆಲಸ ಮಾತ್ರ ನೀಲಗಂಗವ್ವನ ಗಂಡ ಕರಬಸಪ್ಪನದು. ಹುಣಸೆ ಬಡಿಯುವುದು ಅವನ ಕಸುಬು. ಬ್ಯಾಡಗಿ, ರಾಣೇಬೆನ್ನೂರು, ಹಾವೇರಿಯ ಸುತ್ತಿನ ರಸ್ತೆಬದಿಯ ಹುಣಸೆ ಮರಗಳ ಪೈಕಿ ಅವನು ಏರದ ಮರ ಕಡಿಮೆ. ಯಾವ ಮರದ ಯಾವ ಕೊಂಬೆ ಟೊಳ್ಳು, ಯಾವ ಪೊಟರೆಯಲ್ಲಿ ಗಿಳಿ, ಯಾವುದರಲ್ಲಿ ಹಾವು, ಯಾವುದರಲ್ಲಿ ಕಪ್ಪೆ ಎಂಬುದೆಲ್ಲ ಅವನ ಕೈಗೇ ಗೊತ್ತಿತ್ತು. ಅವನು ಏಣಿ ಹತ್ತುವನು, ಆಕೆ ಕೆಳಗೆ ಒದ್ದೆ ಸೆರಗು ಒಡ್ಡಿ ನಿಲ್ಲುವಳು. ಮೇಲಿನಿಂದ ಅವನು ಗುರುತು ಹೇಳುತ್ತಿದ್ದ. ಆಕೆಗೆ ಕಲಿಸುವ ಉಮೇದಿನಿಂದಲ್ಲ, ಅವನಿಗೆ ಸುಮ್ಮನೆ ಇರಲು ಬರುತ್ತಿರಲಿಲ್ಲ, ಅಷ್ಟೇ.

“ಬಣ್ಣ ನೋಡಬ್ಯಾಡ ನೀಲಿ. ಇದು ಹುಣಸಿ ತೊಗಟಿ ಮ್ಯಾಲ ಕುಂತ್ರ ಹುಣಸಿ ಬಣ್ಣ, ಗ್ವಾಡಿ ಮ್ಯಾಲ ಕುಂತ್ರ ಸುಣ್ಣದ ಬಣ್ಣ. ಬೆರಳ ನೋಡು. ತುದಿಗೆ ದುಂಡನ ಬಟ್ಟಿನಂಗ ಇರತೈತಿ. ಅದರಿಂದನ ಗ್ವಾಡಿ ಹಿಡಕೊಂಡ ಏರತೈತಿ. ಆಮ್ಯಾಲ ತೊಡಿ ಹಿಂದ ನೋಡು. ಕರೇ ಬಣ್ಣದಾಗ ಹಳದಿ ಚುಕ್ಕಿ ಚೆಲ್ಲಿದಂಗ ಇದ್ರ ಅದ ನಮ್ಮ ಮಗಳು.”

ನಮ್ಮ ಮಗಳು ಎಂದೇ ಅವನು ಅನ್ನುತ್ತಿದ್ದ. ಮೊದಲ ಸಲ ಅಂದಾಗ ನೀಲಗಂಗವ್ವ ಒಡ್ಡಿದ ಸೆರಗನ್ನು ಕೆಳಗೆ ಬಿಟ್ಟಿದ್ದಳು. ಆ ಹೊತ್ತಿಗೆ ಹುಬ್ಬಳ್ಳಿ ದವಾಖಾನೆ, ಗುಡಿಯ ಹರಕೆ ಎಲ್ಲ ಮುಗಿದು, ಇನ್ನು ಇಲ್ಲ ಎಂಬುದು ಇಬ್ಬರಿಗೂ ತಿಳಿದಿತ್ತು. ಬರಬರುತ್ತ ಆಕೆಯೂ ಹಾಗೇ ಅನ್ನತೊಡಗಿದಳು. ಮದುವೆ ಮುಗಿದ ಮೇಲೆ ಎಲ್ಲರೂ ಜೋಡಿಯನ್ನು ಹೊಂಡಕ್ಕೆ ಬಿಡೋಣ ಎಂದರೆ ಕರಬಸಪ್ಪ ಒಪ್ಪುತ್ತಿರಲಿಲ್ಲ. ಹೊಂಡ ಅದರ ಮನೆಯಲ್ಲ, ಅಲ್ಲಿ ದೊಡ್ಡ ಕಪ್ಪೆ, ನೀರ್ಹಾವು ಅದನ್ನು ಬಿಡುವುದಿಲ್ಲ ಎಂದು ವಾದ ಮಾಡಿ, ಮರುದಿನ ಬೆಳಿಗ್ಗೆ ಗಡಿಗೆ ಹೊತ್ತುಕೊಂಡು ಹೋಗಿ ಅದೇ ಮರದ ಅದೇ ಪೊಟರೆಗೆ ಬಿಟ್ಟು ಬರುತ್ತಿದ್ದ.

ಹೋದ ಚಳಿಗಾಲದಲ್ಲಿ ಕರಬಸಪ್ಪ ತೀರಿಕೊಂಡ. ಮರದಿಂದ ಬಿದ್ದಲ್ಲ, ಮನೆಯ ಕಟ್ಟೆಯ ಮೇಲೆ ಎಲೆಅಡಿಕೆ ಹಾಕಿಕೊಳ್ಳುತ್ತ ಕೂತವನು ಎದೆ ಹಿಡಿದುಕೊಂಡು ಹಾಗೇ ಒರಗಿದ. ಹಾವೇರಿಗೆ ಒಯ್ಯುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು.

ಊರಿನವರು ಕೆಟ್ಟವರಲ್ಲ. ಆಕೆಗೆ ಬುತ್ತಿ ತಂದುಕೊಟ್ಟರು, ಕೂಲಿಗೆ ಕರೆದರು, ಮೈಯಲ್ಲಿ ಆರಾಮಿದೆಯೇ ಎಂದು ಕೇಳಿದರು. ಆದರೆ ಒಂದನ್ನು ಬಿಟ್ಟುಬಿಟ್ಟರು. ಚೇಷ್ಟೆ ಮಾಡುವುದನ್ನು ಬಿಟ್ಟರು. ಆಕೆ ಬಂದರೆ ನಗುತ್ತ ಕೂತವರು ಮುಖ ಗಂಭೀರ ಮಾಡಿಕೊಳ್ಳುವರು. ಉಚ್ಚಂಗೆವ್ವನಂತೂ ಕೊಳಾಯಿಯ ಹತ್ತಿರ ಸಿಕ್ಕರೆ, “ಬರ್ರಿ ಅಕ್ಕಾರ, ನೀವ ಮದಲ ತುಂಬ್ಕೋರಿ,” ಎನ್ನತೊಡಗಿದಳು. ಇಷ್ಟು ವರ್ಷ ನೀನು, ತಾನು ಎಂದು ಬೈದಾಡಿದವಳ ಬಾಯಲ್ಲಿ ಆ ‘ರಿ’ ಕೇಳಿದಾಗೆಲ್ಲ ನೀಲಗಂಗವ್ವನಿಗೆ ಗಂಡ ಮತ್ತೊಮ್ಮೆ ಸತ್ತಂತಾಗುತ್ತಿತ್ತು.

ಈ ವರ್ಷ ಮಿರಗ ಹುಟ್ಟಿ ಎಷ್ಟೋ ದಿನವಾದರೂ ಮೋಡ ಬರುವುದು, ಇಣುಕಿ ಹೋಗುವುದು, ಇಷ್ಟೇ ಆಯಿತು. ಕಪ್ಪೆಯ ಮದುವೆ ಮಾಡಬೇಕೆಂದು ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಮಾತಾಯಿತು. ನೀಲಗಂಗವ್ವನಿಗೆ ಅದು ಗೊತ್ತಾದದ್ದು ಮಾಂತೇಶನ ಅಂಗಳದಲ್ಲಿ. ಮಾಂತೇಶ ಮೇಲಿನ ಓಣಿಯವನು, ಕಿರಾಣಿ ಅಂಗಡಿಯವನು. ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಿಂದ ಟೆಂಪೊದಲ್ಲಿ ಮೆಣಸಿನಕಾಯಿಯ ಚೀಲ ತರಿಸಿ ಓಣಿಯ ಹೆಂಗಸರ ಕೈಯಲ್ಲಿ ತೊಟ್ಟು ಬಿಡಿಸುತ್ತಾನೆ. ಅಲ್ಲಿ ತೊಟ್ಟು ಬಿಡಿಸುತ್ತ ಕೂತಾಗ ಪಕ್ಕದವಳೊಬ್ಬಳು ಬಾಯಿ ತಪ್ಪಿ, “ಈ ಸಲ ಹೆಣ್ಣಿನ ತಾಯಿ ಶ್ರೀದೇವಿ ಅಂತ ನೋಡು,” ಎಂದುಬಿಟ್ಟಳು. ಶ್ರೀದೇವಿ ಮಾಂತೇಶನ ಹೆಂಡತಿ. ಎಲ್ಲರ ಕೈಗಳೂ ಒಂದು ಗಳಿಗೆ ನಿಂತವು.

ಶ್ರೀದೇವಿಯೇ ಎದ್ದು ಬಂದು ಹತ್ತಿರ ಕೂತಳು. “ಚಿಗವ್ವಾ, ನಾ ಕೇಳಿಕೊಂಡಿದ್ದಲ್ಲ. ಹಿರ್ಯಾರು ಅಂದ್ರು, ಮುತ್ತೈದಿ ಬೇಕು ಅಂತ. ನೀ ಬ್ಯಾಸರ ಮಾಡ್ಕೊಬ್ಯಾಡ.”

“ಇದರಾಗ ಬ್ಯಾಸರ ಏನೈತವಾ. ಇದ್ದಿದ್ದ ಹಂಗ,” ಎಂದಳು ನೀಲಗಂಗವ್ವ. ಮತ್ತೆ ಮೆಣಸಿನಕಾಯಿ ಕೈಗೆತ್ತಿಕೊಂಡಳು.

ಬೇಸರ ಇತ್ತು. ಬೇಕಾದಷ್ಟಿತ್ತು. ಆದರೆ ಯಾರ ಮೇಲೆ ಸಿಟ್ಟಾಗುವುದು? ಬೇರೆಯವರ ಮನೆಯ ಮದುವೆಗಳಲ್ಲಿ ಆಕೆಯೂ ವಿಧವೆಯರಿಗೆ ಹಿಂದೆ ಜಾಗ ತೋರಿಸಿದವಳೇ. ಹಂದರದಲ್ಲಿ ತಾನು ಕೂಡಬಾರದು ಎಂಬುದನ್ನು ಆಕೆ ಊರಿಗಿಂತ ಹೆಚ್ಚು ನಂಬಿದ್ದಳು. ಆದರೂ ಒಂದೇ ಒಂದು ಸಲ, ಕಡೆಯ ಸಲ, ಮಗಳನ್ನು ತನ್ನ ಕೈಯಿಂದಲೇ ಕೊಡಬೇಕೆಂಬ ಆಸೆ ಎದೆಯಿಂದ ಹೋಗುತ್ತಿರಲಿಲ್ಲ. ಇಂಥ ಆಸೆಯನ್ನು ಬಾಯಿಬಿಟ್ಟು ಹೇಳಿದರೆ ಜನ ಏನಂದಾರು? ಮರುದಿನ ಆಕೆ ಕೂಲಿಗೆ ಹೋಗಲಿಲ್ಲ. ಬಾಗಿಲು ಮುಂದೆ ಮಾಡಿಕೊಂಡು ಮನೆಯಲ್ಲೇ ಕೂತಳು.

ಇತ್ತ ಮಾಂತೇಶ ಕಪ್ಪೆ ತರುವ ಜವಾಬ್ದಾರಿ ಹೊತ್ತಿದ್ದ. ಮಾಂತೇಶನಿಗೆ ತಕ್ಕಡಿ ಗೊತ್ತು, ಮೆಣಸಿನಕಾಯಿಯ ಬಣ್ಣ ಗೊತ್ತು. ಕಪ್ಪೆಯ ವಿಷಯದಲ್ಲಿ ಅವನದು ದೊಡ್ಡ ಶೂನ್ಯ. ಮರಗಪ್ಪೆ ಎಂದರೆ ಮರದ ಕೆಳಗೆ ಸಿಕ್ಕದ್ದು ಎಂದುಕೊಂಡ. ಹೊಲದ ಕೃಷಿಹೊಂಡದ ದಂಡೆಯಲ್ಲಿ ಒಂದು ಜಾಲಿಯ ಮರವಿತ್ತು, ಅದರ ನೆರಳಲ್ಲಿ ಹಸಿರು ಹಳದಿ ಪಟ್ಟೆಯ, ಮುಷ್ಟಿಗಿಂತ ದಪ್ಪದ ಕಪ್ಪೆಯೊಂದು ಸಿಕ್ಕಿತು. ಇಷ್ಟು ಚೆಂದದ ಹೆಣ್ಣು ಊರಲ್ಲೇ ಇಲ್ಲ ಎಂದು ಮೊಬೈಲಿನಲ್ಲಿ ಫೋಟೊ ಹೊಡೆದ. ಕೆಳಗಿನ ಓಣಿಯವರು ಯಾರದೋ ಬಚ್ಚಲಲ್ಲಿ ಸಿಕ್ಕ ಸಣ್ಣ ಮರಗಪ್ಪೆಯನ್ನು ಗಂಡೆಂದು ತಂದುಕೊಟ್ಟರು. ಅದು ಮಾತ್ರ ಸರಿಯಾಗೇ ಇತ್ತು. ಮಾಂತೇಶ ಎರಡನ್ನೂ ಒಂದೇ ತಾಮ್ರದ ಕೊಡದೊಳಗೆ ಹಾಕಿ, ಬಾಯಿಗೆ ಹೊಸ ಬಟ್ಟೆ ಕಟ್ಟಿ, ದೇವರ ಮುಂದಿಟ್ಟು ಮಲಗಿದ.

ಮದುವೆಯ ದಿನ ಬೆಳಿಗ್ಗೆ ಬಟ್ಟೆ ಬಿಚ್ಚಿದರೆ ಕೊಡದಲ್ಲಿ ಹೆಣ್ಣು ಒಂದೇ ಇತ್ತು. ಹೊಟ್ಟೆ ನಿನ್ನೆಗಿಂತ ದಪ್ಪಗಿತ್ತು. ಬಾಯಿಯ ಅಂಚಿನಿಂದ ಮದುಮಗನ ಹಿಂಗಾಲಿನ ಒಂದು ಬೆರಳು ಇನ್ನೂ ಹೊರಗಿತ್ತು. ಅಷ್ಟರಲ್ಲಿ ಹೆಣ್ಣು ಕಣ್ಣು ಮುಚ್ಚಿ ಗುಟುಕರಿಸಿತು, ಅದೂ ಒಳಗೆ ಹೋಯಿತು. ಮಾಂತೇಶ ತಲೆಯ ಮೇಲೆ ಕೈ ಹೊತ್ತು ಕೂತ. ಸಂಜೆಗೆ ಡೊಳ್ಳಿನವರು ಬರುವವರಿದ್ದರು, ಹೋಳಿಗೆಗೆ ಹೂರಣ ಆಗಲೇ ರುಬ್ಬಿಯಾಗಿತ್ತು.

ಹೊತ್ತು ಏರುವುದರೊಳಗೆ ನೀಲಗಂಗವ್ವನ ಬಾಗಿಲು ಬಡಿದದ್ದು ಉಚ್ಚಂಗೆವ್ವ. ಒಳಗೆ ಬಂದವಳು ನೆಲ ನೋಡುತ್ತ ನಿಂತಳು.

“ಅಕ್ಕಾರ, ಒಂದ ಕೆಲಸ ಆಗಬೇಕಿತ್ತು.” ನಡೆದದ್ದನ್ನೆಲ್ಲ ಹೇಳಿದಳು. ಮಾಂತೇಶನ ಕೊಡದ ಕಥೆ ಕೇಳಿ ನೀಲಗಂಗವ್ವನಿಗೆ ನಗು ಉಕ್ಕಿ ಬಂತು. ಉಚ್ಚಂಗೆವ್ವನ ತುಟಿಯೂ ಅಲುಗಿದಂತಿತ್ತು. ಆದರೆ ಆಕೆ ನಗಲಿಲ್ಲ, ಹಾಗಾಗಿ ಈಕೆಯೂ ನಗಲಿಲ್ಲ.

“ಅಣ್ಣಾರು ಇದ್ದಿದ್ರ ಚಿಂತಿ ಇರಲಿಲ್ಲ. ಈಗ ಗುರ್ತ ಹಿಡಿಯಾಕ ನೀವೊಬ್ರ ಉಳದೀರಿ. ಬರತೀರೇನ್ರಿ?”

“ಹುಡುಕಿ ಕೊಡ್ತೇನಿ,” ಎಂದಳು ನೀಲಗಂಗವ್ವ. “ಆದರ ಹಂದರಕ್ಕ ಬರೂದಿಲ್ಲ. ಅದನ್ನ ಮದಲ ಹೇಳಿಬಿಡ್ತೇನಿ.”

ಉಚ್ಚಂಗೆವ್ವ ಸೆರಗನ್ನು ಸಿಂಬಿ ಸುತ್ತಿಕೊಂಡಳು. ಗಡಿಗೆ ಎತ್ತಿ ತಲೆಯ ಮೇಲಿಟ್ಟುಕೊಂಡಳು.

ಊರಿನ ಮೇಲುಗಡೆ, ಗುಡ್ಡದ ಕುರುಚಲು ಕಾಡು ಶುರುವಾಗುವಲ್ಲಿ ಒಂದು ಹಳೆಯ ಹುಣಸೆಯ ತೋಪಿದೆ. ಬಿಸಿಲಲ್ಲಿ ಇಬ್ಬರೂ ಏರಿ ನಡೆದರು. ನೀಲಗಂಗವ್ವನಿಗೆ ದಾರಿ ಗೊತ್ತಿತ್ತು, ಮರಗಳೂ ಗೊತ್ತಿದ್ದವು. ಆದರೆ ಒಂದು ಪೊಟರೆಗೂ ಆಕೆ ಇದುವರೆಗೆ ಕೈ ಹಾಕಿರಲಿಲ್ಲ. ಸೆರಗು ಒಡ್ಡುವುದಷ್ಟೇ ಆಕೆಯ ಪಾಲಿನ ಕೆಲಸವಾಗಿತ್ತು. ಮೊದಲನೆಯ ಮರದ ಕೆಳಗೆ ನಿಂತು ಪೊಟರೆಯ ಕತ್ತಲನ್ನು ನೋಡಿದಳು. ಒಳಗೆ ಏನಿದೆಯೋ! ಕರಬಸಪ್ಪನಾದರೆ ಮೊದಲು ಕಡ್ಡಿಯಿಂದ ತೊಗಟೆ ತಟ್ಟಿ, ಕಿವಿಯಿಟ್ಟು, ಆಮೇಲೆ ಪೊಟರೆಯ ಬಾಯನ್ನು ಮೂಸಿ ನೋಡುತ್ತಿದ್ದ. ಒಣ ವಾಸನೆ ಬಂದರೆ ಮುಂದಿನ ಮರ, ಹಸಿ ಮಣ್ಣಿನ ವಾಸನೆ ಬಂದರೆ ನಿಲ್ಲುತ್ತಿದ್ದ. ಆಕೆಯೂ ತಟ್ಟಿದಳು, ಮೂಸಿದಳು. ಒಣಗಿತ್ತು.

ಎರಡನೆಯ ಮರದ ಬೇರಿನ ಸಂದಿಯಲ್ಲಿ ಮೈ ತುಂಬ ಗುಳ್ಳೆಯ ನೆಲಗಪ್ಪೆ ಕೂತಿತ್ತು. ಅದು ಮರಗಪ್ಪೆಯಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಅಷ್ಟು ಮುಂದೆ ಇನ್ನೊಂದು ಮರದ ಪೊಟರೆ ಎದೆಯೆತ್ತರಕ್ಕಿತ್ತು. ಅದರೊಳಗೆ ಇಣುಕಿದ ಉಚ್ಚಂಗೆವ್ವ, “ಸಿಕ್ತು ಸಿಕ್ತು! ಮರದಾಗನ ಐತಿ, ಬೆರಳ ತುದಿನೂ ಅಗಲ ಐತಿ ನೋಡ್ರಿ!” ಎಂದು ಕೂಗಿದಳು.

ನೀಲಗಂಗವ್ವ ಬಗ್ಗಿ ನೋಡಿದಳು. ಹೌದು, ಬೆರಳಿನ ತುದಿ ಅಗಲವಿತ್ತು. ಪೊಟರೆಯೂ ತಂಪಿತ್ತು. ಒಂದು ಗಳಿಗೆ ಆಕೆಗೂ ಅನುಮಾನ ಬಂತು. ಆಮೇಲೆ ಕಡ್ಡಿಯಿಂದ ಮೆಲ್ಲಗೆ ಮುಟ್ಟಿದಳು. ಕಪ್ಪೆ ಜಿಗಿಯಲಿಲ್ಲ, ಮೈ ಉಬ್ಬಿಸಿಕೊಂಡು ಲಡ್ಡಿನಂತೆ ದುಂಡಗಾಯಿತು. ಕಪ್ಪು ಬೆನ್ನಿನ ಎರಡೂ ಬದಿಗೆ ಇಟ್ಟಿಗೆಯ ಬಣ್ಣದ ಪಟ್ಟೆಯಿತ್ತು, ಕಾಲು ಗಿಡ್ಡವಿತ್ತು.

“ಇದಲ್ಲ. ಇದೂ ಪೊಟರ್ಯಾಗನ ಇರತೈತಿ, ಅದಕ್ಕ ಮೋಸ ಹೋಗ್ತಾರ. ನಮ್ಮದು ಇಷ್ಟ ಗುಂಡಗ ಇರೂದಿಲ್ಲ. ಉದ್ದನ ಕಾಲು, ಮಡಚಿಕೊಂಡ ಕುಂತಿರತೈತಿ. ಮೂಗು ಚೂಪು. ಕಣ್ಣ ಹಿಂದಿಂದ ಹೆಗಲಿನ ತನಕ ಒಂದ ಕರೇ ಗೀಟು.” ಹೇಳುತ್ತ ಹೇಳುತ್ತ ಆಕೆ ನಿಂತಳು. ಮಾತು ತನ್ನದಲ್ಲ, ಅವನದು ಎಂದು ಆಗ ಹೊಳೆಯಿತು. ಅವನು ಕೊಂಬೆಯ ಮೇಲೆ ಕೂತು ವಟಗುಟ್ಟಿದ್ದೆಲ್ಲ ಕಿವಿಗೆ ಬಿದ್ದಿತ್ತು ಅಷ್ಟೇ ಅಂದುಕೊಂಡಿದ್ದಳು. ಅದು ಎಲ್ಲಿಯೋ ಕೂತೇ ಇತ್ತು. ಆಕೆ ಹುಣಸೆಯ ಮರಕ್ಕೆ ಹಣೆಯಿಟ್ಟು ಒಂದಿಷ್ಟು ಹೊತ್ತು ಅತ್ತಳು. ಉಚ್ಚಂಗೆವ್ವ ಗಡಿಗೆಯನ್ನು ಅಪ್ಪಿಕೊಂಡು ಬೇರೆ ಕಡೆ ನೋಡುತ್ತ ನಿಂತಿದ್ದಳು.

ಹೆಣ್ಣು ಸಿಕ್ಕಿದ್ದು ತೋಪಿನ ಅಂಚಿನ ಮುದಿ ಮರದಲ್ಲಿ. ಪೊಟರೆಯ ಬಾಯಲ್ಲಿ ಹಸಿ ಮಣ್ಣಿನ ವಾಸನೆಯಿತ್ತು. ನೀಲಗಂಗವ್ವ ತಂಬಿಗೆಯ ನೀರಿನಿಂದ ಕೈ ತೋಯಿಸಿಕೊಂಡು, ಕಣ್ಣು ಮುಚ್ಚಿ, ಗಂಡನ ಹೆಸರು ಹೇಳಿ ಕೈ ಹಾಕಿದಳು. ಬೆರಳಿಗೆ ತಣ್ಣಗೆ, ಮೆತ್ತಗೆ ಏನೋ ತಾಗಿತು. ಹೊರಗೆ ತೆಗೆದಾಗ ಅದು ತೊಗಟೆಯ ಬಣ್ಣವೇ ಆಗಿತ್ತು. ಅಂಗೈ ತುಂಬ ಕೂತು, ದೊಡ್ಡ ಕಣ್ಣು ತೆರೆದು, ಬೆರಳಿನ ತುದಿಯ ಬಟ್ಟುಗಳಿಂದ ಆಕೆಯ ಹೆಬ್ಬೆರಳನ್ನು ಹಿಡಿದುಕೊಂಡಿತು. ತೊಡೆಯನ್ನು ಮೆಲ್ಲಗೆ ಬಿಡಿಸಿ ನೋಡಿದರೆ ಹಿಂದೆ ಹಳದಿ ಚುಕ್ಕೆಗಳು.

“ಮಗಳು,” ಎಂದಳು ನೀಲಗಂಗವ್ವ.

ಗಂಡೂ ಅದೇ ಮರದ ಮೇಲಿನ ಬಿರುಕಿನಲ್ಲಿ ಸಿಕ್ಕಿತು. ಉಚ್ಚಂಗೆವ್ವ ಅದನ್ನು ತನ್ನ ಒದ್ದೆ ಸೆರಗಿಗೆ ಹಾಕಿಕೊಂಡಳು, ಅಲ್ಲಿಗೆ ಅದು ಕೆಳಗಿನ ಓಣಿಯದಾಯಿತು. ಈ ಸಲವೂ ಕಿರುಬೆರಳಿಗಿಂತ ಸ್ವಲ್ಪ ದೊಡ್ಡದು. ನೀಲಗಂಗವ್ವನ ನಾಲಗೆಯ ತುದಿಗೆ ಮಾತು ಬಂದಿತ್ತು. ಉಚ್ಚಂಗೆವ್ವ ಆಡುವಳೇನೋ ಎಂದು ಕಾದಳು. ಆಕೆ, “ಭಾಳ ಉಪಕಾರ ಆತ್ರಿ ಅಕ್ಕಾರ,” ಎಂದಳು. ಇಳಿದು ಬರುವಾಗ ದಾರಿ ಹೋಗುವಾಗಿನದಕ್ಕಿಂತ ಉದ್ದವಾಗಿತ್ತು.

ಊರಿಗೆ ಬಂದು ನೀಲಗಂಗವ್ವ ಹೆಣ್ಣಿನ ಗಡಿಗೆಯನ್ನು ಶ್ರೀದೇವಿಯ ಕೈಗೆ ಕೊಟ್ಟಳು. ಬಟ್ಟೆಯನ್ನು ಆಗಾಗ ತೋಯಿಸು, ಎರಡನ್ನೂ ಬೇರೆ ಬೇರೆ ಇಡು, ನಾಳೆ ಮುಂಜಾನೆ ಅದೇ ಮರಕ್ಕೆ ಬಿಡು, ಹೊಂಡಕ್ಕೆ ಬೇಡ, ಎಂದೆಲ್ಲ ಹೇಳಿದಳು. ಹೆಣ್ಣು ಕೊಡುವ ತಾಯಿ ಹೇಳುವಂತೆಯೇ ಹೇಳಿದಳು. ಶ್ರೀದೇವಿ ಎಲ್ಲದಕ್ಕೂ ತಲೆಯಾಡಿಸಿದಳು. ಪಾಪ, ಆಕೆಯದೂ ಗಡಿಬಿಡಿ. ತೊಟ್ಟು ಬಿಡಿಸಿದ್ದನ್ನು ಒಯ್ಯಲು ಟೆಂಪೊ ಸಂಜೆಗೆ ಬರುವುದಿತ್ತು, ಅಂಗಳದಲ್ಲಿ ಇನ್ನೂ ಬಿಡಿಸದ ಚೀಲಗಳು ಉಳಿದಿದ್ದವು.

ಸಂಜೆ ಹಣಮಪ್ಪನ ಕಟ್ಟೆಯ ಮುಂದೆ ಬೇವಿನ ಸೊಪ್ಪಿನ ಹಂದರ ಎದ್ದಿತು. ಡೊಳ್ಳು ಬಾರಿಸಿದರು. ನೀಲಗಂಗವ್ವ ಬರುವುದಿಲ್ಲ ಅಂದಿದ್ದಳು. ಆದರೆ ಡೊಳ್ಳಿನ ದನಿ ಕೇಳಿ ಮನೆಯಲ್ಲಿ ಕೂಡುವುದು ಆಗಲಿಲ್ಲ. ಹಂದರದಿಂದ ಆಚೆ, ಕಟ್ಟಿಗೆ ಒಟ್ಟಿದ ಕಡೆ ಗೋಡೆಗೆ ಒರಗಿ ನಿಂತಳು. ಅಲ್ಲಿಂದ ಮಣೆಯೂ ಕಾಣುತ್ತಿತ್ತು, ಮಣೆಯ ಮೇಲೆ ಹಸಿ ಬಾಳೆಯ ಎಲೆಯೂ ಕಾಣುತ್ತಿತ್ತು. ಹೆಣ್ಣಿನ ತಾಯಿ ಗಡಿಗೆಯಿಂದ ಮಗಳನ್ನು ಎತ್ತಿ ಎಲೆಯ ಮೇಲಿಡಬೇಕು, ಅಕ್ಷತೆಯ ಅಕ್ಕಿಕಾಳು ಬೀಳುವವರೆಗೆ ಹಿಡಿದಿರಬೇಕು, ಆಮೇಲೆ ಬೀಗತಿಯ ಕೈಗೆ ಕೊಡಬೇಕು.

ಶ್ರೀದೇವಿ ಹೊಸ ಸೀರೆಯುಟ್ಟು ಓಡೋಡುತ್ತ ಬಂದಳು. ಅಂಗಳದಿಂದ ಎದ್ದವಳೇ ಕೈ ತೊಳೆದು, ಸೀರೆ ಸುತ್ತಿಕೊಂಡು ಬಂದಿದ್ದಳು. ಮಣೆಯ ಮೇಲೆ ಕೂತು, ಬಟ್ಟೆ ಸರಿಸಿ, ಗಡಿಗೆಯೊಳಗೆ ಕೈ ಇಳಿಸಹೋದಳು. ಹಂದರದ ದೀಪದ ಬೆಳಕಿಗೆ ಆ ಕೈ ನೀಲಗಂಗವ್ವನಿಗೆ ಕಂಡಿತು. ಬೆರಳಿನ ಸಂದುಗಳು ಕೆಂಪಗೆ, ಉಗುರಿನ ಬುಡ ಕೆಂಪಗೆ. ದಿನವಿಡೀ ತೊಟ್ಟು ಬಿಡಿಸಿದ ಕೈ. ಸಾಬೂನಿಗೆ ಹೋಗುವ ಖಾರ ಅದಲ್ಲ. ಎಣ್ಣೆ ಹಚ್ಚಿ, ಮಜ್ಜಿಗೆಯಲ್ಲಿ ತೊಳೆದರೂ ರಾತ್ರಿ ಕಣ್ಣು ಮುಟ್ಟಿಕೊಂಡರೆ ಉರಿಯುತ್ತದೆ. ಕಪ್ಪೆಗೆ ಮೈಯೆಲ್ಲ ಕಣ್ಣಿನ ಒಳಪದರದಂಥ ಚರ್ಮ.

“ಕೈ ತಗೀ! ಶ್ರೀದೇವಿ, ಕೈ ತಗೀ! ಖಾರದ ಕೈ ಅದು, ಸುಟ್ಟ ಹೋಗತೈತಿ ಕೂಸು!”

ಡೊಳ್ಳು ನಿಂತವು. ಶ್ರೀದೇವಿ ಹೆದರಿ ಕೈ ಎತ್ತಿದಳು. ನೀಲಗಂಗವ್ವ ಯಾವಾಗ ಓಡಿದಳೋ ಆಕೆಗೇ ತಿಳಿಯಲಿಲ್ಲ. ಜನರನ್ನು ಎರಡೂ ಬದಿಗೆ ದೂಡಿ, ಕಳಸದ ಪಕ್ಕದ ನೀರಿನ ಕೊಡದಲ್ಲಿ ಎರಡೂ ಕೈ ಮೊಣಕೈವರೆಗೆ ಅದ್ದಿ, ಗಡಿಗೆಯಿಂದ ಮಗಳನ್ನು ಎತ್ತಿಕೊಂಡಳು. ತಿರುಗಿಸಿ ತಿರುಗಿಸಿ ನೋಡಿದಳು. ಬೆನ್ನು ನೋಡಿದಳು, ಹೊಟ್ಟೆ ನೋಡಿದಳು. ಏನೂ ಆಗಿರಲಿಲ್ಲ. ಒದ್ದೆ ಅಂಗೈಯಲ್ಲಿ ಅದು ಕಾಲು ಮಡಚಿಕೊಂಡು ಕೂತಿತು. ಆಕೆ ಉಸಿರು ಬಿಟ್ಟಳು.

ಆಮೇಲೆ ತಲೆಯೆತ್ತಿದಳು. ತಾನು ಹಂದರದ ನಟ್ಟನಡುವೆ, ಕಳಸದ ಪಕ್ಕ, ಮಣೆಯ ಮುಂದೆ ನಿಂತಿದ್ದಳು. ಎಲ್ಲರೂ ಆಕೆಯನ್ನೇ ನೋಡುತ್ತಿದ್ದರು. ಹಿಂದೆ ಕೂತ ಮುದುಕಿಯೊಬ್ಬಳು ಗೊಣಗಿದಳು, “ಶುಭಕಾರ್ಯದಾಗ... ಗಂಡನ್ನ ತಿಂದಾಕಿ...” ಮೆಲ್ಲಗೇ ಅಂದಳು, ಆದರೆ ಡೊಳ್ಳಿಲ್ಲದ ಹಂದರದಲ್ಲಿ ಎಲ್ಲರಿಗೂ ಕೇಳಿಸಿತು. ನೀಲಗಂಗವ್ವ ಕಪ್ಪೆಯನ್ನು ಕೆಳಗಿಡಬೇಕು, ಹೊರಗೆ ಹೋಗಬೇಕು ಅಂದುಕೊಂಡಳು, ಅದು ಹೆಬ್ಬೆರಳು ಬಿಡಲಿಲ್ಲ. ಶ್ರೀದೇವಿ ಮಣೆಯಿಂದ ಎದ್ದು, ತನ್ನ ಕೆಂಪು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಪಕ್ಕಕ್ಕೆ ಸರಿದಳು.

“ಯಾರ ಅಂದದ್ದು?” ಎಂದು ಎದ್ದು ನಿಂತಳು ಉಚ್ಚಂಗೆವ್ವ. ಆಕೆಯ ದನಿ ಕೆಳಗಿನ ಓಣಿಯ ತುದಿಗೂ ಮುಟ್ಟುವಂಥದ್ದು. “ಗಂಡನ್ನ ತಿಂದಾಕಿ ಮಾಂತೇಶನ ಕೊಡದಾಗ ಅದಾಳ, ಹೋಗಿ ನೋಡಿಕೊಂಡ ಬರ್ರಿ. ಇನ್ನೂ ಕಾಲ ಅರಗಿಲ್ಲ ಆಕಿಗೆ. ನಮ್ಮ ಕರಬಸಪ್ಪಣ್ಣ ತನ್ನ ಆಯುಷ್ಯ ತೀರಿ ಹ್ವಾದ. ಹೋಗೂ ಮುಂದ ಕಪ್ಪಿ ಗುರ್ತ ಈಕಿ ಕಡೆ ಬಿಟ್ಟ ಹ್ವಾದ. ಇವತ್ತ ಹಂದರದಾಗ ಹೆಣ್ಣ ಐತಿ ಅಂದ್ರ ಈಕಿಯಿಂದ.”

ಮಾಂತೇಶ ತನ್ನ ಕೊಡದ ಸುದ್ದಿ ಬಂದದ್ದಕ್ಕೆ ಕಂಬದ ಹಿಂದೆ ಸರಿದ. ಅದನ್ನು ನೋಡಿ ಯಾರೋ ಕಿಸಕ್ಕೆಂದರು.

ಉಚ್ಚಂಗೆವ್ವ ನೀಲಗಂಗವ್ವನ ಎದುರು ಬಂದು ನಿಂತಳು. ಅಂಗೈಯಲ್ಲಿ ಕೂತದ್ದನ್ನು ನೋಡಿದಳು, ಆಕೆಯ ಮುಖವನ್ನು ನೋಡಿದಳು. ಆಮೇಲೆ ಸೊಂಟಕ್ಕೆ ಕೈಯಿಟ್ಟಳು.

“ಏನ ಬೀಗತಿ? ಮುಹೂರ್ತ ಮೀರಾಕತ್ತೈತಿ, ನೀ ಮಗಳ ಸಿಂಗಾರ ನೋಡಕೋತ ನಿಂತೀಯೇನ? ನಮ್ಮ ಹುಡುಗ ಕಾದು ಕಾದು ಸೊರಗಿ ಹುಣಸಿ ಬೀಜ ಆಗ್ಯಾನ. ಕೊಡ್ತೀಯೋ, ಬ್ಯಾರೆ ಕಡೆ ಹೆಣ್ಣ ನೋಡೂನೋ?”

ನೀಲಗಂಗವ್ವ ಗಂಡಿನ ಗಡಿಗೆಯೊಳಗೆ ಬಗ್ಗಿ ನೋಡಿದಳು.

“ಸೊರಗಿದ್ದಲ್ಲ ಅದು,” ಎಂದಳು ಕಡೆಗೆ. ದನಿ ಮೊದಲು ನಡುಗಿತು, ಆಮೇಲೆ ಗಟ್ಟಿಯಾಯಿತು. “ನಿಮ್ಮ ಓಣ್ಯಾಗ ಬೆಳದದ್ದ ಅಷ್ಟ. ನನ್ನ ಮಗಳಿಗೆ ಗಂಡ ತಾರಬೇ ಅಂದ್ರ ಮೂಗುತಿ ತಂದೀಯಲ್ಲ, ನಾಚಿಕಿ ಆಗೂದಿಲ್ಲ ನಿನಗ?”

ಹಂದರಕ್ಕೆ ಹಂದರವೇ ನಕ್ಕಿತು. ಡೊಳ್ಳಿನವರು ನಕ್ಕು ನಕ್ಕು ಕೋಲು ಕೆಳಗೆ ಬಿಟ್ಟರು. ಗೊಣಗಿದ ಮುದುಕಿಯೂ ಬೊಚ್ಚುಬಾಯಿ ತೆರೆದು ನಕ್ಕಳು. ನೀಲಗಂಗವ್ವನೂ ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಇಳಿಯತೊಡಗಿತು. ಎರಡೂ ಕೈಯಲ್ಲಿ ಮಗಳಿದ್ದಳು, ಒರೆಸಿಕೊಳ್ಳಲು ಬರುವಂತಿರಲಿಲ್ಲ. ಅದು ಹಾಗೇ ಗಲ್ಲದ ಮೇಲೆ ಹರಿದು ಕೊರಳಿಗೆ ಇಳಿಯಿತು.

ಉಚ್ಚಂಗೆವ್ವ ತನ್ನ ಸೆರಗಿನ ತುದಿಯಿಂದ ಆಕೆಯ ಕಣ್ಣೊರೆಸಿದಳು. ಮೊದಲು ಒಂದು, ಆಮೇಲೆ ಇನ್ನೊಂದು.

“ಈಗನ ಅಳತೀಯಲ್ಲ ಹುಚ್ಚಿ,” ಎಂದಳು. “ಹೆಣ್ಣ ಕೊಟ್ಟಾಕಿ ಅಳೂದು ಕಳಿಸಿಕೊಡೂ ಮುಂದ. ಕುಂದ್ರು ಮಣಿ ಮ್ಯಾಲ. ಇನ್ನೂ ಅಕ್ಕಿಕಾಳ ಬಿದ್ದಿಲ್ಲ.”